ಗಾಜಿನ ಪೆಟ್ಟಿಗೆಯಲ್ಲಿ ನಿನ್ನೆಯ ಯುದ್ಧ

2023ರ ಜೂನ್ 1ರಂದು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಒಂದು ಮಾನನಷ್ಟ ಮೊಕದ್ದಮೆಯನ್ನು ವಜಾ ಮಾಡಿತು. ದಾವೆ ಹೂಡಿದ್ದವರು ಬೆನ್ ರಾಬರ್ಟ್ಸ್-ಸ್ಮಿತ್. ವಿಶೇಷ ಪಡೆಯ ಮಾಜಿ ಯೋಧ, ಅಫ್ಗಾನಿಸ್ತಾನದಲ್ಲಿ ತೋರಿದ ಪರಾಕ್ರಮಕ್ಕೆ 2011ರಲ್ಲಿ ಯುದ್ಧಶೌರ್ಯದ ಅತ್ಯುನ್ನತ ಪದಕ ವಿಕ್ಟೋರಿಯಾ ಕ್ರಾಸ್ ಪಡೆದವರು. ತಮ್ಮನ್ನು ಯುದ್ಧಾಪರಾಧಿಯಂತೆ ಬಿಂಬಿಸಿದ ಪತ್ರಿಕೆಗಳ ವಿರುದ್ಧ ಅವರು 2018ರಲ್ಲಿ ಕೋರ್ಟ್ ಮೆಟ್ಟಿಲೇರಿದ್ದರು. ನಾಲ್ವರು ಅಫ್ಗನ್ನರ ಹತ್ಯೆಯಲ್ಲಿ ಅವರ ಕೈವಾಡವಿತ್ತೆಂಬ ವರದಿಗಳು ಸಾರಾಂಶದಲ್ಲಿ ಸತ್ಯ ಎಂದು ನ್ಯಾಯಮೂರ್ತಿ ಆಂಥನಿ ಬೆಸಾಂಕೊ ತೀರ್ಮಾನಿಸಿದರು. 2025ರ ಮೇ ತಿಂಗಳಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಇದು ಸಿವಿಲ್ ದಾವೆಯ ತೀರ್ಮಾನವೇ ಹೊರತು ಕ್ರಿಮಿನಲ್ ಶಿಕ್ಷೆಯಲ್ಲ. ಆರೋಪಗಳನ್ನು ಅವರು ಮೊದಲಿನಿಂದಲೂ ಅಲ್ಲಗಳೆಯುತ್ತ ಬಂದಿದ್ದಾರೆ.

ತೀರ್ಪು ಹೊರಬಿದ್ದ ಕೂಡಲೇ ಪತ್ರಕರ್ತರು ಫೋನು ಮಾಡಿದ್ದು ಸೇನೆಗೆ ಮಾತ್ರವಲ್ಲ, ಕ್ಯಾನ್‌ಬೆರಾದ ಒಂದು ಮ್ಯೂಸಿಯಂಗೂ. ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನ ಶೌರ್ಯ ಸಭಾಂಗಣದಲ್ಲಿ ರಾಬರ್ಟ್ಸ್-ಸ್ಮಿತ್ ಅವರ ಪದಕ, ಸಮವಸ್ತ್ರ ಪ್ರದರ್ಶನಕ್ಕಿದ್ದವು. ಮೈಕಲ್ ಜಾವ್ರೊಸ್ ಎಂಬ ಖ್ಯಾತ ಕಲಾವಿದರಿಂದ ಮೆಮೋರಿಯಲ್ ಬರೆಸಿಕೊಂಡ ಅವರ ಭಾವಚಿತ್ರಗಳೂ ಸಂಗ್ರಹದಲ್ಲಿದ್ದವು. ತೆಗೆಯುತ್ತೀರಾ, ಬಿಡುತ್ತೀರಾ? ಆಗ ಮಂಡಳಿಯ ಅಧ್ಯಕ್ಷರಾಗಿದ್ದ ಕಿಮ್ ಬೀಜ್ಲಿ ಮರುದಿನ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ವಸ್ತುಗಳಿಗೆ ಹೆಚ್ಚಿನ ಹಿನ್ನೆಲೆ ಮಾಹಿತಿ ಸೇರಿಸುವ ಬಗ್ಗೆ ಎಚ್ಚರಿಕೆಯಿಂದ ಯೋಚಿಸುತ್ತಿದ್ದೇವೆ. ಕೆಲಕಾಲದ ನಂತರ ಫಲಕದ ಬರಹದಲ್ಲಿ ತೀರ್ಪಿನ ಪ್ರಸ್ತಾಪ ಸೇರಿತು. ವಸ್ತುಗಳು ಅಲ್ಲೇ ಉಳಿದವು.

ಒಬ್ಬ ಸೈನಿಕನ ಪೆಟ್ಟಿಗೆಯ ಸುತ್ತ ಎದ್ದ ಈ ಗದ್ದಲದ ಹಿಂದೆ ಇನ್ನೂ ದೊಡ್ಡ ವಿಚಾರವಿದೆ. ಯುದ್ಧದ ಸತ್ಯ ಪೂರ್ತಿ ಹೊರಬರುವ ಮೊದಲೇ ದೇಶವೊಂದು ಅದನ್ನು ಮ್ಯೂಸಿಯಂಗೆ ಏರಿಸಿದರೆ ಏನಾಗುತ್ತದೆ? ಅಫ್ಗಾನಿಸ್ತಾನದ ವಿಷಯದಲ್ಲಿ ಆಸ್ಟ್ರೇಲಿಯಾದ ಅನುಭವ ನೋಡಿದರೆ ನನಗೆ ಕಾಣುವುದು ಇಷ್ಟು: ಪದಕ, ಹೆಲಿಕಾಪ್ಟರ್, ವೀರರ ಭಾವಚಿತ್ರ ಮುಚ್ಚಿಟ್ಟದ್ದನ್ನು ಅದೇ ಸಂಸ್ಥೆ ಕಳಿಸಿದ ಕೆಲವು ಕಲಾವಿದರು ವರ್ಷಗಳ ಮೊದಲೇ ಹೊರಗೆ ತಂದಿದ್ದರು. ಸಂಸ್ಥೆಗೆ ತನ್ನ ಬಳಿಯೇ ಇದ್ದ ಆ ಸಾಕ್ಷ್ಯವನ್ನು ಓದಲಾಗಲಿಲ್ಲ.

ಓದಲಾಗದ್ದಕ್ಕೆ ಕಾರಣ ಆ ಸಂಸ್ಥೆಯ ಹುಟ್ಟಿನಲ್ಲೇ ಇದೆ. ಮೊದಲ ಮಹಾಯುದ್ಧದ ವರದಿಗಾರ, ನಂತರ ಆ ಯುದ್ಧದ ಅಧಿಕೃತ ಇತಿಹಾಸಕಾರನಾದ ಚಾರ್ಲ್ಸ್ ಬೀನ್‌ಗೆ ಈ ಸ್ಮಾರಕದ ಕಲ್ಪನೆ ಬಂದದ್ದು ಫ್ರಾನ್ಸಿನ ರಣರಂಗದಲ್ಲಿ. ಕಟ್ಟಡ ತೆರೆದದ್ದು 1941ರ ನವೆಂಬರ್ 11ರಂದು, ಎರಡನೆಯ ಮಹಾಯುದ್ಧದ ನಡುವೆ. ಸಂಸತ್ತಿನ ಎದುರಿಗೇ, ನೇರ ರೇಖೆಯ ಇನ್ನೊಂದು ತುದಿಯಲ್ಲಿ, ಮೌಂಟ್ ಐನ್ಸ್‌ಲಿಯ ಬುಡದಲ್ಲಿ ಅದು ನಿಂತಿದೆ. ಅಂಗಳದ ಎರಡೂ ಬದಿಯ ಕಂಚಿನ ಫಲಕಗಳ ಮೇಲೆ ಮಡಿದ 1 ಲಕ್ಷಕ್ಕೂ ಹೆಚ್ಚು ಜನರ ಹೆಸರಿದೆ. ಪದವಿಯಿಲ್ಲ, ಬಿರುದಿಲ್ಲ, ಹೆಸರಷ್ಟೇ. ಬಂದವರು ಫಲಕಗಳ ಸಂದಿಯಲ್ಲಿ ಕೆಂಪು ಗಸಗಸೆ ಹೂವು ಸಿಕ್ಕಿಸಿ ಹೋಗುತ್ತಾರೆ. ಪ್ರತಿ ಸಂಜೆ ಬಾಗಿಲು ಹಾಕುವ ಮುನ್ನ ಆ ಹೆಸರುಗಳಲ್ಲಿ ಒಂದರ ಕಥೆ ಓದಿ, ಕಹಳೆ ಊದುತ್ತಾರೆ.

ಒಂದೇ ಸೂರಿನಡಿ ಇಲ್ಲಿ ಸ್ಮಾರಕ, ಮ್ಯೂಸಿಯಂ ಮತ್ತು ದಾಖಲೆ ಭಂಡಾರ ಮೂರೂ ಇವೆ. ಬೀನ್ ಬಯಸಿದ್ದೂ ಇದನ್ನೇ. ಆದರೆ ಮೂರಕ್ಕೂ ಮೂರು ಬಗೆಯ ಧರ್ಮ. ಸ್ಮಾರಕ ನಮಸ್ಕಾರ ಬೇಡುತ್ತದೆ, ಮ್ಯೂಸಿಯಂ ಪ್ರಶ್ನೆ ಕೇಳಬೇಕು, ದಾಖಲೆ ಭಂಡಾರ ಅನುಕೂಲಕರವಲ್ಲದ್ದನ್ನೂ ಜೋಪಾನ ಮಾಡಬೇಕು. ಸಾಲದ್ದಕ್ಕೆ ಭೂಸೇನೆ, ನೌಕಾಪಡೆ, ವಾಯುಪಡೆಯ ಮುಖ್ಯಸ್ಥರು ತಮ್ಮ ಹುದ್ದೆಯ ಬಲದಿಂದಲೇ ಆಡಳಿತ ಮಂಡಳಿಯ ಸದಸ್ಯರು. ಪ್ರದರ್ಶನಕ್ಕೆ ಬರುವ ವಿಮಾನ, ಶಸ್ತ್ರಸಜ್ಜಿತ ವಾಹನಗಳೂ ರಕ್ಷಣಾ ಇಲಾಖೆ ಸೇವೆಯಿಂದ ನಿವೃತ್ತಿಗೊಳಿಸಿ ಕೊಟ್ಟಂಥವೇ. ಕೊಡುವವರ ಕಥೆಯೇ ಮುಂದೆ ಬರುತ್ತದೆ. ಇದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ, ವ್ಯವಸ್ಥೆಯೇ ಸಾಕು.

ವೀರಗಲ್ಲುಗಳನ್ನು ನೋಡಿ ಬೆಳೆದ ನಮಗೆ ಸ್ಮಾರಕದ ಈ ಸ್ವಭಾವ ಅರ್ಥವಾಗದ್ದೇನಲ್ಲ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಲಿಂಗದ ಮುಂದೆ ಆತನ ಸನ್ನಿಧಿ. ತುರುಗೊಳ್, ಅಂದರೆ ದನಗಳಿಗಾಗಿ ನಡೆದ ಕಾಳಗ, ಯಾಕಾಯಿತು, ಎದುರಾಳಿಯ ಊರಿನಲ್ಲಿ ಎಷ್ಟು ಜನ ಅತ್ತರು ಎಂದು ಕಲ್ಲು ಹೇಳುವುದಿಲ್ಲ, ಹೇಳಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ತೊಡಕು ಶುರುವಾಗುವುದು ಅದೇ ಕಲ್ಲನ್ನು ಇತಿಹಾಸ ಪಾಠವೆಂದು ಶಾಲಾ ಮಕ್ಕಳ ಮುಂದೆ ಇಟ್ಟಾಗ. ಕ್ಯಾನ್‌ಬೆರಾಕ್ಕೆ ದೇಶದ ಮೂಲೆಮೂಲೆಯಿಂದ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ.

ಇನ್ನೊಂದು ಕಡೆಯ ವಾದವನ್ನೂ ನ್ಯಾಯವಾಗಿ ಹೇಳಬೇಕು, ಅದರಲ್ಲಿ ಹುರುಳಿದೆ. 2012ರ ಕೊನೆಯಲ್ಲಿ ನಿರ್ದೇಶಕರಾಗಿ ಬಂದ ಬ್ರೆಂಡನ್ ನೆಲ್ಸನ್ ಹಿಂದೆ ರಕ್ಷಣಾ ಸಚಿವರಾಗಿದ್ದವರು. ವಿಯೆಟ್ನಾಂನಿಂದ ಮರಳಿದ ಸೈನಿಕರನ್ನು ಆಸ್ಟ್ರೇಲಿಯಾ ಹೇಗೆ ನಡೆಸಿಕೊಂಡಿತ್ತೆಂಬ ಕಹಿನೆನಪು ಆ ತಲೆಮಾರಿಗಿತ್ತು. ಆ ಸೈನಿಕರಿಗೆ ಸಾರ್ವಜನಿಕ ಸ್ವಾಗತ ಮೆರವಣಿಗೆ ಸಿಕ್ಕಿದ್ದು 1987ರಲ್ಲಿ, ಕ್ಯಾನ್‌ಬೆರಾದ ಆನ್ಜಾಕ್ ಪರೇಡ್ ರಸ್ತೆಯಲ್ಲಿ ಪ್ರತ್ಯೇಕ ಸ್ಮಾರಕ ಎದ್ದದ್ದು 1992ರಲ್ಲಿ. ಅಫ್ಗಾನಿಸ್ತಾನಕ್ಕೆ ಹೋದವರೂ ಅಷ್ಟು ಕಾಯಬಾರದು ಎಂಬುದು ನೆಲ್ಸನ್ ನಿಲುವು. ತಾನು ಅಲ್ಲೇನು ಮಾಡಿದೆ ಎಂದು ಬಾಯಿಬಿಟ್ಟು ಹೇಳಲಾಗದ ಯುವಕನೊಬ್ಬ ಅಪ್ಪ ಅಮ್ಮನನ್ನು, ಹೆಂಡತಿ ಮಕ್ಕಳನ್ನು ಕರೆತಂದು 'ಇಲ್ಲಿದ್ದೆ ನಾನು' ಎಂದು ತೋರಿಸಲು ಒಂದು ಜಾಗ ಬೇಕಲ್ಲವೇ? 2013ರ ಆಗಸ್ಟ್‌ನಲ್ಲಿ, ಸೈನ್ಯ ಉರುಜ್ಗಾನ್ ಪ್ರಾಂತ್ಯದಲ್ಲಿ ಇನ್ನೂ ಇದ್ದಾಗಲೇ, ಸೈನಿಕರ ಮತ್ತು ಅವರ ಕುಟುಂಬದವರ ಮಾತುಗಳನ್ನು ಪರದೆಯ ಮೇಲೆ ತೋರಿಸುವ ಅಫ್ಗಾನಿಸ್ತಾನ ಪ್ರದರ್ಶನ ತೆರೆಯಿತು. ಮಗನನ್ನು ಕಳೆದುಕೊಂಡ ಮನೆಯವರಿಗೆ ಅದು ಎಷ್ಟು ದೊಡ್ಡ ಸಮಾಧಾನವಾಗಿತ್ತೆಂಬುದನ್ನು ನಾನು ಹಗುರಾಗಿ ಕಾಣಲಾರೆ. 2001ರಿಂದ 2021ರವರೆಗೆ ಸುಮಾರು 39,000 ಆಸ್ಟ್ರೇಲಿಯನ್ನರು ಅಲ್ಲಿ ಸೇವೆ ಮಾಡಿದರು, 41 ಸೈನಿಕರು ಸತ್ತರು. ಮನೆಗೆ ಬಂದಮೇಲೆ ಆದ ಸಾವುಗಳ ಲೆಕ್ಕ ಬೇರೆಯೇ. ಸೈನಿಕರ ಆತ್ಮಹತ್ಯೆಗಳ ಬಗ್ಗೆ ತನಿಖೆ ನಡೆಸಿದ ರಾಯಲ್ ಕಮಿಷನ್ 2024ರ ಸೆಪ್ಟೆಂಬರ್‌ನಲ್ಲಿ ಅಂತಿಮ ವರದಿ ಕೊಟ್ಟಿತು. 1997ರಿಂದ 2021ರ ನಡುವೆ ಸೇವೆಯಲ್ಲಿದ್ದ ಮತ್ತು ಸೇವೆ ಮುಗಿಸಿದ 1,600ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದರು.

ಆದರೆ ಆ ಜಾಗ ಎಂಥದ್ದಾಗಬೇಕು ಎನ್ನುವಲ್ಲಿ ದಾರಿ ತಪ್ಪಿತು. 2018ರ ನವೆಂಬರ್‌ನಲ್ಲಿ ಸರ್ಕಾರ 498 ಮಿಲಿಯನ್ ಡಾಲರ್‌ಗಳ ವಿಸ್ತರಣೆ ಯೋಜನೆ ಘೋಷಿಸಿತು. ವೆಚ್ಚ ಆಮೇಲೆ 550 ಮಿಲಿಯನ್‌ನ ಆಸುಪಾಸಿಗೆ ಏರಿತು. ಜಾಗಕ್ಕಾಗಿ 2001ರಲ್ಲಷ್ಟೇ ಕಟ್ಟಿದ, ವಾಸ್ತುಶಿಲ್ಪದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ಆನ್ಜಾಕ್ ಹಾಲ್ ಅನ್ನು 2021ರಲ್ಲಿ ಕೆಡವಿದರು. ಸಂಸ್ಥೆಯ ಮಾಜಿ ನಿರ್ದೇಶಕರು, ಇತಿಹಾಸಕಾರರು, ಲೇಖಕರು ಸೇರಿ 80ಕ್ಕೂ ಹೆಚ್ಚು ಗಣ್ಯರು ಬಹಿರಂಗ ಪತ್ರ ಬರೆದು ವಿರೋಧಿಸಿದ್ದರು. ಹೊಸ ಸಭಾಂಗಣಕ್ಕೆ ಬರುವುದರಲ್ಲಿ ಎದ್ದು ಕಾಣುವುದು ದೊಡ್ಡ ಯಂತ್ರಗಳು: ಎಫ್/ಎ-18 ಹಾರ್ನೆಟ್ ಯುದ್ಧವಿಮಾನ, ಚಿನೂಕ್ ಹೆಲಿಕಾಪ್ಟರ್, ಬುಷ್‌ಮಾಸ್ಟರ್ ವಾಹನ. ಒಳಗಿನ ಒಂದು ಸಭಾಂಗಣಕ್ಕೆ ಶಸ್ತ್ರ ತಯಾರಕ ಕಂಪನಿ ಬಿಎಇ ಸಿಸ್ಟಮ್ಸ್‌ನ ಹೆಸರಿತ್ತು. ಲಾಕ್‌ಹೀಡ್ ಮಾರ್ಟಿನ್ ಕೂಡ ದೇಣಿಗೆ ಕೊಟ್ಟವರ ಸಾಲಿನಲ್ಲಿತ್ತು. ಮಡಿದವರ ಹೆಸರಿನ ಕಟ್ಟಡಕ್ಕೆ ಆಯುಧ ಮಾರುವವರ ಹಣ ಬೇಡವೆಂದು ವೈದ್ಯರ ಶಾಂತಿ ಸಂಘಟನೆಯೊಂದು ವರ್ಷಗಟ್ಟಲೆ ಹೋರಾಡಿತು. ನಾನು ಅವರ ಪಕ್ಷ.

ಚಿನೂಕ್ ಹೆಲಿಕಾಪ್ಟರ್ ಮುಂದೆ ನಿಂತ ಹುಡುಗನಿಗೆ ಅದರ ಗಾತ್ರ ತಿಳಿಯುತ್ತದೆ, ರೆಕ್ಕೆ ಎಷ್ಟು ಉದ್ದವೆಂದು ತಿಳಿಯುತ್ತದೆ. ಅದರಿಂದ ಇಳಿದವರು ಯಾವ ಹಳ್ಳಿಗೆ ಹೋದರು, ಅಲ್ಲಿ ಯಾರ ಮನೆಯ ಬಾಗಿಲು ಒಡೆದರು ಎಂಬುದು ಯಂತ್ರದ ಮೈಮೇಲೆ ಬರೆದಿರುವುದಿಲ್ಲ.

ಕಲಾವಿದರ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾ ಯುದ್ಧಭೂಮಿಗೆ ಅಧಿಕೃತ ಕಲಾವಿದರನ್ನು ಕಳಿಸುವ ಪದ್ಧತಿ ಮೊದಲ ಮಹಾಯುದ್ಧದ ಕಾಲದ್ದು. ಕಲಾವಿದ ಸೈನ್ಯದ ಜೊತೆ ಕೆಲವು ವಾರ ಇರುತ್ತಾನೆ, ಮರಳಿ ಬಂದು ತನ್ನ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾನೆ. ಏನು ಬರೆಯಬೇಕು, ಹೇಗೆ ಬರೆಯಬೇಕು ಎಂಬುದು ಬಹುಪಾಲು ಅವನದೇ ತೀರ್ಮಾನ. 1999ರಲ್ಲಿ ಪೂರ್ವ ತಿಮೋರ್‌ಗೆ ರಿಕ್ ಅಮೋರ್ ಮತ್ತು ವೆಂಡಿ ಶಾರ್ಪ್, 2003ರಲ್ಲಿ ಇರಾಕಿಗೆ ಲೂಯಿಸ್ ಮಿಲ್ಲರ್ ಹೋದರು. 2009ರಲ್ಲಿ ಶಾನ್ ಗ್ಲ್ಯಾಡ್‌ವೆಲ್ ಕುಂಚದ ಬದಲು ವಿಡಿಯೊ ಕ್ಯಾಮೆರಾ ಹಿಡಿದು ಅಫ್ಗಾನಿಸ್ತಾನಕ್ಕೆ ಹೋದರು. ಅವರ ಒಂದು ಕೃತಿಯಲ್ಲಿ, ಆಸ್ಟ್ರೇಲಿಯನ್ ಸೈನ್ಯದ ನೆಲೆಯಿದ್ದ ಉರುಜ್ಗಾನ್‌ನ ತರಿನ್ ಕೋಟ್‌ನ ಬಟ್ಟಬಯಲಲ್ಲಿ ಇಬ್ಬರು ಸೈನಿಕರು ಕೈಯಲ್ಲಿ ಕ್ಯಾಮೆರಾ ಹಿಡಿದು ಎದುರುಬದುರು ನಿಂತಿದ್ದಾರೆ. ಒಬ್ಬ ಸರಿದತ್ತ ಇನ್ನೊಬ್ಬ ಸರಿಯುತ್ತಾನೆ, ಒಬ್ಬರನ್ನೊಬ್ಬರು ಚಿತ್ರೀಕರಿಸುತ್ತಾರೆ. ಎರಡು ಪರದೆಗಳ ನಡುವೆ ನಿಂತ ನೋಡುಗನಿಗೆ ಕಾಣುವುದು ಸೈನಿಕ ಮತ್ತು ಸೈನಿಕನನ್ನು ನೋಡುವ ಸೈನಿಕ. ಮೂರನೆಯವರಿಲ್ಲ. ಆ ಯುದ್ಧವನ್ನು ಆಸ್ಟ್ರೇಲಿಯಾ ನೋಡಿದ ರೀತಿಯೇ ಅಂಥದ್ದು.

ಬೆನ್ ಕ್ವಿಲ್ಟಿ ಹೋದದ್ದು 2011ರ ಅಕ್ಟೋಬರ್‌ನಲ್ಲಿ: ಕಾಬೂಲ್, ಕಂದಹಾರ್, ತರಿನ್ ಕೋಟ್. ಬರೆಯಬೇಕಾದ್ದು ರಣರಂಗವನ್ನಲ್ಲ, ಅಲ್ಲಿಂದ ಮರಳಿದವರನ್ನು ಎಂಬುದು ಅವರಿಗೆ ವಾಪಸಾದ ಮೇಲೆ ಹೊಳೆಯಿತು. ಅಲ್ಲಿ ಪರಿಚಯವಾಗಿದ್ದ ಸೈನಿಕರನ್ನು ನ್ಯೂ ಸೌತ್ ವೇಲ್ಸ್‌ನ ತಮ್ಮ ಸ್ಟುಡಿಯೋಗೆ ಕರೆದು, ಸಮವಸ್ತ್ರ ಕಳಚಿ ಬೆತ್ತಲೆ ಕೂರಲು ಕೇಳಿದರು. ಮನಸ್ಸಿನಲ್ಲಿ ಉಳಿದ ಅನುಭವಕ್ಕೆ ಹೊಂದುವ ಭಂಗಿಯನ್ನು ಅವರೇ ಆರಿಸಿಕೊಂಡರು. ಕ್ಯಾಪ್ಟನ್ ಎಸ್ ಎಂದಷ್ಟೇ ಹೆಸರಿರುವ ಅಧಿಕಾರಿ ಮಲಗಿದ ಭಂಗಿ, ಗುಂಡಿನ ಮಳೆಯಲ್ಲಿ ಗಿಡ್ಡ ಮಣ್ಣುಗೋಡೆಯ ಹಿಂದೆ ಗಂಟೆಗಟ್ಟಲೆ ಅವಿತಿದ್ದ ಭಂಗಿ. ಬಣ್ಣವನ್ನು ಕ್ವಿಲ್ಟಿ ಕುಂಚದಿಂದ ಸವರುವುದಿಲ್ಲ, ಅಲಗಿನಿಂದ ಮೆತ್ತುತ್ತಾರೆ. ಹತ್ತಿರ ಹೋದರೆ ಮುಖವೇ ಇರುವುದಿಲ್ಲ. ಕೆಂಪು, ಕಪ್ಪು, ಮಾಂಸದ ಬಣ್ಣದ ಗಟ್ಟಿ ಗೆರೆಗಳು ಕ್ಯಾನ್ವಾಸಿನಿಂದ ಬೆರಳಿನಷ್ಟು ಮುಂದೆ ಚಾಚಿರುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದಾಗ ಅದೇ ಗೆರೆಗಳು ಕೂಡಿ, ತನ್ನ ಮೈಯಿಂದಲೇ ತಪ್ಪಿಸಿಕೊಳ್ಳಲು ಹವಣಿಸುವ ಮನುಷ್ಯನಾಗುತ್ತವೆ. 2013ರಲ್ಲಿ ಸಿಡ್ನಿಯಲ್ಲಿ ಮೊದಲು ಪ್ರದರ್ಶನಗೊಂಡ ಈ ಚಿತ್ರಗಳು ನಂತರ ದೇಶ ಸುತ್ತಿದವು. ಕುಳಿತವರಲ್ಲಿ ಏರ್ ಕಮಡೋರ್ ಜಾನ್ ಆಡ್ಡಿಯಂಥ ಹಿರಿಯ ಅಧಿಕಾರಿಯೂ ಇದ್ದರು. ಮನೋವೇದನೆ ಎಳೆಯ ಸಿಪಾಯಿಗಳ ದೌರ್ಬಲ್ಯ ಎಂಬ ಮಾತಿಗೆ ಆ ಒಂದು ಚಿತ್ರ ಸಾಕಿತ್ತು.

ಮರುವರ್ಷವೇ, 2014ರಲ್ಲಿ, ಅದೇ ಸಂಸ್ಥೆಗಾಗಿ ಜಾವ್ರೊಸ್ ಬರೆದ ರಾಬರ್ಟ್ಸ್-ಸ್ಮಿತ್ ಚಿತ್ರವನ್ನು ಇದರ ಪಕ್ಕ ಇಟ್ಟು ನೋಡಿ. ಫೋಟೊ ಎಂದೇ ಭ್ರಮಿಸುವಷ್ಟು ನುಣುಪು. ಯುದ್ಧದ ಉಡುಪು, ಪಿಸ್ತೂಲು ಹಿಡಿದು ಗುರಿಯಿಡುವ ನಿಲುವು, ದೊಡ್ಡ ಕ್ಯಾನ್ವಾಸ್. ಎರಡೂ ಒಂದೇ ಯುದ್ಧದ ಸೈನಿಕರ ಚಿತ್ರಗಳು, ಎರಡಕ್ಕೂ ಹಣ ಕೊಟ್ಟದ್ದು ಒಂದೇ ಸಂಸ್ಥೆ. ಜಾವ್ರೊಸ್ ಕೌಶಲವನ್ನು ನಾನು ಪ್ರಶ್ನಿಸುತ್ತಿಲ್ಲ. ಆ ಕಣ್ಣು, ಆ ನಿಲುವಿನಲ್ಲಿ ಒಂದು ಭಯವೂ ಇದೆ, ಅದನ್ನು ಕಲಾವಿದ ಕಂಡಿದ್ದರೆಂದೇ ನನ್ನ ನಂಬಿಕೆ. ಆದರೆ ತೂಗುಹಾಕಿದವರು ಓದಿಸಿದ್ದು ವೀರತ್ವವನ್ನು ಮಾತ್ರ. 2015ರಿಂದ 2022ರವರೆಗೆ ಮಂಡಳಿಯ ಅಧ್ಯಕ್ಷರಾಗಿದ್ದ ಮಾಧ್ಯಮ ಉದ್ಯಮಿ ಕೆರ್ರಿ ಸ್ಟೋಕ್ಸ್ ಅವರ ಟಿವಿ ಸಂಸ್ಥೆಯಲ್ಲೇ ರಾಬರ್ಟ್ಸ್-ಸ್ಮಿತ್ ಹಿರಿಯ ಹುದ್ದೆಯಲ್ಲಿದ್ದರು, ಮೊಕದ್ದಮೆಗೂ ಸ್ಟೋಕ್ಸ್ ಬೆಂಬಲವಿತ್ತು. ಒಂದು ದೇಶದ ನೆನಪನ್ನು ಕಾಯುವ ಸಂಸ್ಥೆಯ ಮುಖ್ಯಸ್ಥರಿಗೂ ಆ ನೆನಪಿನ ನಾಯಕನಿಗೂ ಇಷ್ಟು ಹತ್ತಿರದ ನಂಟು ಇರಬಾರದಿತ್ತು.

2020ರ ನವೆಂಬರ್ 19ರಂದು ಬ್ರೆರಟನ್ ವರದಿ ಬಂತು. ಸೇನೆಯೇ ನಡೆಸಿದ ನಾಲ್ಕು ವರ್ಷದ ತನಿಖೆ ಅದು. 23 ಘಟನೆಗಳಲ್ಲಿ 39 ಅಫ್ಗನ್ನರನ್ನು ಕಾನೂನುಬಾಹಿರವಾಗಿ ಕೊಂದ ಬಗ್ಗೆ ನಂಬಲರ್ಹ ಮಾಹಿತಿಯಿದೆ, ಹಾಲಿ ಮತ್ತು ಮಾಜಿ 25 ಸೈನಿಕರು ಶಾಮೀಲಾಗಿದ್ದಾರೆ ಎಂದು ವರದಿ ಹೇಳಿತು. ಯಾವುದೂ ಕಾಳಗದ ಕಾವಿನಲ್ಲಿ ಆದದ್ದಲ್ಲ. ಹೊಸ ಸೈನಿಕನ ಕೈಯಲ್ಲಿ 'ಮೊದಲ ಕೊಲೆ' ಮಾಡಿಸಲು ಬಂದಿಯನ್ನು ಕೊಲ್ಲಿಸುವುದು, ಸತ್ತವನ ಪಕ್ಕ ಬಂದೂಕೋ ರೇಡಿಯೋವೋ ಇಟ್ಟು ಫೋಟೊ ತೆಗೆಯುವುದು ಅದರಲ್ಲಿ ದಾಖಲಾದವು. ಸುಳ್ಳು ಸಾಕ್ಷ್ಯ ಸೃಷ್ಟಿಸಲು ಬಳಕೆಯಾದದ್ದು ವಸ್ತು ಮತ್ತು ಚಿತ್ರ ಎಂಬುದನ್ನು ಮ್ಯೂಸಿಯಂ ನಡೆಸುವವರು ಎರಡು ಸಲ ಓದಬೇಕು. ಅವರ ಕಸುಬೂ ವಸ್ತು ಮತ್ತು ಚಿತ್ರವನ್ನೇ ನೆಚ್ಚಿದೆ.

ಇನ್ನೂ ಒಂದು ವಸ್ತುವಿದೆ. 2009ರಲ್ಲಿ ಕೊಲ್ಲಲ್ಪಟ್ಟ ಅಫ್ಗನ್ ವ್ಯಕ್ತಿಯೊಬ್ಬನ ಕೃತಕ ಕಾಲನ್ನು ಸೈನಿಕರು ತಂದು, ತರಿನ್ ಕೋಟ್ ನೆಲೆಯ ಅನಧಿಕೃತ ಬಾರಿನಲ್ಲಿ ಬಿಯರ್ ಕುಡಿಯುವ ಪಾತ್ರೆ ಮಾಡಿಕೊಂಡಿದ್ದರು. ಮಾನನಷ್ಟ ಮೊಕದ್ದಮೆಯಲ್ಲಿ ಅದರ ಫೋಟೊಗಳು ಸಾಕ್ಷ್ಯವಾದವು. ಹೆಲ್ಮೆಟ್, ಪದಕ, ಬೂಟುಗಳಷ್ಟೇ ಅದೂ ಈ ಯುದ್ಧದ ವಸ್ತು.

ಅಫ್ಗನ್ನರ ಕಣ್ಣಿನಿಂದ ನೋಡುವ ಕೃತಿ ಮೆಮೋರಿಯಲ್‌ನಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಪಾಕಿಸ್ತಾನದ ಕ್ವೆಟ್ಟಾದಲ್ಲಿ ಹುಟ್ಟಿದ, ಅಫ್ಗಾನಿಸ್ತಾನ ಮೂಲದ ಹಜಾರಾ ಸಮುದಾಯದ ಕಲಾವಿದ ಖಾದಿಮ್ ಅಲಿಯಿಂದ ಸಂಸ್ಥೆಯೇ ಚಿತ್ರ ಬರೆಸಿದೆ. ಪರ್ಶಿಯನ್ ಚಿಕಣಿ ಶೈಲಿ ಅವರದು, ಕೊಂಬು ರೆಕ್ಕೆಗಳ ರಾಕ್ಷಸರು ಅವರ ಪಾತ್ರಗಳು. ಯಾರು ಯಾರಿಗೆ ರಾಕ್ಷಸ ಎಂಬುದನ್ನು ನೋಡುಗನಿಗೇ ಬಿಡುತ್ತಾರೆ. ಹೊರಗಿನ ಶಿಲ್ಪವನದಲ್ಲಿ 2024ರಲ್ಲಿ ಅನಾವರಣಗೊಂಡ ಅಲೆಕ್ಸ್ ಸೆಟನ್ ಕೃತಿಯನ್ನೂ ಮೆಚ್ಚಬೇಕು. ನೆಲದ ಮೇಲೆ ಹರಡಿದ 18 ಅಮೃತಶಿಲೆಯ ಹನಿಗಳು. ಯುದ್ಧದಿಂದ ಮನೆಗೆ ಬಂದಮೇಲೂ ಮುಗಿಯದ ಸಂಕಟಕ್ಕೆ, ಆತ್ಮಹತ್ಯೆಯಲ್ಲಿ ಮಕ್ಕಳನ್ನು ಕಳೆದುಕೊಂಡವರ ಒತ್ತಾಯಕ್ಕೆ ಸಂದ ಉತ್ತರ ಅದು. ಹನಿಯ ಮೇಲೆ ಕೈಯಿಡಬಹುದು, ಮಕ್ಕಳು ಒರಗಿ ಕೂರಬಹುದು. ಸೈನಿಕನ ನೋವಿಗೆ ಜಾಗ ಮಾಡಿಕೊಡಲು ಸಂಸ್ಥೆ ಕಲಿತಿದೆ. ಸೈನಿಕನಿಂದ ನೊಂದವರಿಗೆ ಜಾಗ ಮಾಡುವುದನ್ನು ಇನ್ನೂ ಕಲಿತಿಲ್ಲ.

ಅಸಾಧ್ಯವೇನಲ್ಲ. 1993ರಲ್ಲಿ ಸೊಮಾಲಿಯಾದಲ್ಲಿ ಕೆನಡಾದ ಸೈನಿಕರು ಶಿದಾನ್ ಅರೋನ್ ಎಂಬ 16 ವರ್ಷದ ಹುಡುಗನನ್ನು ಹಿಂಸಿಸಿ ಕೊಂದು, ನಡುವೆ ಫೋಟೊಗಳನ್ನೂ ತೆಗೆದುಕೊಂಡಿದ್ದರು. ಆ ಫೋಟೊವನ್ನು ಆಧರಿಸಿ ಗರ್ಟ್ರೂಡ್ ಕೆರ್ನ್ಸ್ ಬರೆದ ಚಿತ್ರಗಳನ್ನು, 2005ರಲ್ಲಿ ಒಟ್ಟಾವದಲ್ಲಿ ಹೊಸ ಯುದ್ಧ ಮ್ಯೂಸಿಯಂ ತೆರೆದಾಗ ಗೋಡೆಗೆ ಹಾಕಿದರು. ಮಾಜಿ ಸೈನಿಕರ ಸಂಘಟನೆಯಿಂದ ತೀವ್ರ ಪ್ರತಿಭಟನೆ ಬಂತು, ಆದರೂ ಮ್ಯೂಸಿಯಂ ಚಿತ್ರಗಳನ್ನು ಇಳಿಸಲಿಲ್ಲ. ಅದೇ ಮ್ಯೂಸಿಯಂ ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ನಗರಗಳ ಮೇಲಿನ ಬಾಂಬ್ ದಾಳಿಯ ಬಗ್ಗೆ ಬರೆದಿದ್ದ ಫಲಕವನ್ನು 2007ರಲ್ಲಿ ಒತ್ತಡಕ್ಕೆ ಮಣಿದು ತಿದ್ದಿತು ಎಂಬುದೂ ನಿಜ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ 2003ರಲ್ಲಿ ಇರಾಕಿಗೆ ಕಳಿಸಿದ ಸ್ಟೀವ್ ಮೆಕ್ವೀನ್, ಸತ್ತ ಸೈನಿಕರ ಕುಟುಂಬಗಳಿಂದ ಫೋಟೊ ಕೇಳಿ ಪಡೆದು ಅಂಚೆಚೀಟಿ ಹಾಳೆಗಳನ್ನು ಮಾಡಿದರು. ಅಂಚೆ ಇಲಾಖೆ ಅವನ್ನು ಹೊರತರಲು ಒಪ್ಪಲಿಲ್ಲ; ಮರದ ಕಪಾಟಿನ ಒಂದೊಂದೇ ಹಲಗೆ ಎಳೆದು ಆ ಮುಖಗಳನ್ನು ನೋಡಬೇಕು. ಅದಕ್ಕಿಂತಲೂ ನನ್ನನ್ನು ತಟ್ಟಿದ್ದು ಅಲ್ಲಿನ ಇನ್ನೊಂದು ವಸ್ತು. 2007ರ ಮಾರ್ಚ್ 5ರಂದು ಬಾಗ್ದಾದಿನ ಪುಸ್ತಕದ ಬೀದಿ ಅಲ್-ಮುತನಬ್ಬಿಯಲ್ಲಿ ಬಾಂಬ್ ಸಿಡಿದು 30ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸುಟ್ಟು ಚಪ್ಪಟೆಯಾದ ಕಾರನ್ನು ಕಲಾವಿದ ಜೆರೆಮಿ ಡೆಲ್ಲರ್ ಅಮೆರಿಕದಲ್ಲಿ ಊರೂರು ಸುತ್ತಿಸಿ, ಬಳಿಕ ಮ್ಯೂಸಿಯಂಗೆ ಕೊಟ್ಟರು. ಕ್ಷಿಪಣಿ, ವಿಮಾನಗಳಿರುವ ಅಂಗಳದಲ್ಲಿ ಈ ತುಕ್ಕುಗೆಂಪು ಮುದ್ದೆ ಕೂತಿದೆ. ಅದು ಯಾವ ಸೇನೆಯದೂ ಅಲ್ಲ, ಪುಸ್ತಕ ಕೊಳ್ಳಲು ಬಂದವರ ಬೀದಿಯದು.

ಈ ಪ್ರಶ್ನೆ ನಮ್ಮ ಮನೆಯಂಗಳದಲ್ಲೂ ಇದೆ. 1953-54ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗದ ನೇತೃತ್ವ ವಹಿಸಿದ್ದ, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ಮುನ್ನಡೆಸುತ್ತಲೇ 1965ರಲ್ಲಿ ತೀರಿಕೊಂಡ ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ಸನ್ನಿಸೈಡ್ 2021ರಲ್ಲಿ ಮ್ಯೂಸಿಯಂ ಆಯಿತು. ಹೆಮ್ಮೆಪಡಲು ಯಾವ ಅಡ್ಡಿಯೂ ಇಲ್ಲದ ಕಥೆ ಅದು. ಆದರೆ 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ನಮ್ಮ ಶಾಂತಿಪಾಲನಾ ಪಡೆಯನ್ನು ನಾವು ಹೇಗೆ ಪ್ರದರ್ಶಿಸುತ್ತೇವೆ? ಸುಮಾರು 1,200 ಭಾರತೀಯ ಯೋಧರು ಅಲ್ಲಿ ಸತ್ತರು. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ಪ್ರತಿಮೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಪರಮವೀರ ಚಕ್ರ ಪುರಸ್ಕೃತರ ಸಾಲಿನಲ್ಲಿದೆ. ಆ ಪಡೆಗೆಂದೇ ನಿರ್ಮಿಸಿದ ಪ್ರಮುಖ ಸ್ಮಾರಕ ಇರುವುದು ಕೊಲಂಬೊ ಬಳಿಯ ಕೋಟ್ಟೆಯಲ್ಲಿ, ಕಟ್ಟಿದ್ದು ಶ್ರೀಲಂಕಾ. 1987ರ ಅಕ್ಟೋಬರ್ 21ರಂದು ಅದೇ ಪಡೆ ಜಾಫ್ನಾ ಆಸ್ಪತ್ರೆಗೆ ನುಗ್ಗಿದಾಗ ವೈದ್ಯರು, ದಾದಿಯರು, ರೋಗಿಗಳು ಸತ್ತದ್ದನ್ನು ಅಲ್ಲಿನ ತಮಿಳರು ಪ್ರತಿವರ್ಷ ನೆನೆಯುತ್ತಾರೆ. ಯೋಧರ ತ್ಯಾಗಕ್ಕೂ ಆಸ್ಪತ್ರೆಯ ಆ ದಿನಕ್ಕೂ ಒಟ್ಟಿಗೆ ಜಾಗ ಕೊಡುವ ಗೋಡೆ ನಮ್ಮಲ್ಲಿಲ್ಲ. ಆದ್ದರಿಂದ ಕ್ಯಾನ್‌ಬೆರಾದ ಚರ್ಚೆಯನ್ನು ದೂರದ ದೇಶದ ಸುದ್ದಿ ಎಂದು ಓದಲು ನನಗೆ ಆಗುವುದಿಲ್ಲ.

ಕ್ಯಾನ್‌ಬೆರಾದ ಹೊಸ ಗ್ಯಾಲರಿಗಳೆಲ್ಲ ಮುಗಿಯುವುದು 2028ರ ಹೊತ್ತಿಗೆ. ಅಫ್ಗಾನಿಸ್ತಾನದ ಭಾಗದಲ್ಲಿ ಬ್ರೆರಟನ್ ವರದಿಗೆ ಒಂದು ಫಲಕವೋ ಒಂದು ಕೋಣೆಯೋ, ಅಲ್ಲಿ ಯಾರ ದನಿ ಕೇಳಿಸುತ್ತದೆ ಎಂಬುದು ಈ ಹೊತ್ತಿನ ನಿಜವಾದ ಪ್ರಶ್ನೆ. ಸಾಮಗ್ರಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. 2021ರ ಜುಲೈ ಕೊನೆಯಲ್ಲಿ, ತಾಲಿಬಾನ್ ಕಾಬೂಲ್ ಹಿಡಿಯಲು ಕೆಲವೇ ವಾರ ಇದ್ದಾಗ, ದರ್ವಾನ್ ಹಳ್ಳಿಯ ಜನ ರಾಜಧಾನಿಗೆ ಬಂದು ವಿಡಿಯೊ ಮೂಲಕ ಸಿಡ್ನಿಯ ನ್ಯಾಯಾಲಯಕ್ಕೆ ಸಾಕ್ಷಿ ಹೇಳಿದರು. 2012ರಲ್ಲಿ ತಮ್ಮೂರಿಗೆ ಹೆಲಿಕಾಪ್ಟರ್‌ಗಳು ಬಂದ ಬೆಳಗ್ಗೆ ಏನಾಯಿತು, ಕೈಕಟ್ಟಿದ ರೈತನೊಬ್ಬನನ್ನು ದಿಬ್ಬದ ಅಂಚಿನಿಂದ ಒದ್ದು ಕೆಡವಿದ್ದು ಹೇಗೆ ಎಂದು ಪಶ್ತೋ ಭಾಷೆಯಲ್ಲಿ ಹೇಳಿದರು. ದುಭಾಷಿ ಅನುವಾದಿಸಿದರು, ವಕೀಲರು ಪಾಟೀಸವಾಲು ಮಾಡಿದರು. ನ್ಯಾಯಾಧೀಶರು ಅದನ್ನು ತೂಗಿ ನೋಡಿ ತೀರ್ಪಿನಲ್ಲಿ ಬರೆದಿದ್ದಾರೆ. ಸೈನಿಕರ ಮಾತನ್ನು 2013ರಲ್ಲೇ ಪರದೆಗೆ ತಂದ ಸಂಸ್ಥೆಗೆ ಈ ಮಾತುಗಳನ್ನೂ ತರುವುದು ಗೊತ್ತಿಲ್ಲದ ಕೆಲಸವೇನಲ್ಲ.